ದೈತ್ಯ ಆಮೆಗಳ ದ್ವೀಪಕ್ಕೆ ಮಕ್ಕಳನ್ನೂ ಅತ್ತೆಯವರನ್ನೂ ಕರೆದುಕೊಂಡು ಹೋಗಬಹುದಾ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮ ಯಜಮಾನರ ಕೆಲಸದ ಸಲುವಾಗಿ ನಾವು ತಾಂಜಾನಿಯಾ ದೇಶದ ದಾರ್ ಎಸ್ ಸಲಾಮ್‌ನಲ್ಲಿದ್ದೇವೆ. ಮುಂದಿನ ತಿಂಗಳು ಜಾಂಜಿಬಾರ್‌ಗೆ ಹೋಗುತ್ತಿದ್ದೇವೆ. ಅಲ್ಲಿನ ಸ್ಟೋನ್ ಟೌನ್‌ನಿಂದ ದೋಣಿಯಲ್ಲಿ ಚಾಂಗೂ ದ್ವೀಪಕ್ಕೆ, ಅಂದರೆ ಎಲ್ಲರೂ ಪ್ರಿಸನ್ ಐಲ್ಯಾಂಡ್ ಅನ್ನುವ ಜಾಗಕ್ಕೆ, ದೈತ್ಯ ಆಮೆಗಳನ್ನು ನೋಡಲು ಒಂದು ದಿನ ಇಟ್ಟುಕೊಂಡಿದ್ದೇವೆ. ಮಗನಿಗೆ 9 ವರ್ಷ, ಮಗಳಿಗೆ 4. ಜೊತೆಗೆ ಅತ್ತೆ ಇದ್ದಾರೆ. ಅವರಿಗೆ 68, ಶುಗರ್ ಇದೆ, ದಿನಾ ಅಸಿಡಿಟಿ ಮಾತ್ರೆ ತಗೊಳ್ತಾರೆ. ಆಮೆ ಮುಟ್ಟಿದರೆ ಮಕ್ಕಳಿಗೆ ಟೈಫಾಯಿಡ್ ಬರುತ್ತೆ ಅಂತ ಒಬ್ಬ ಗೆಳತಿ ಹೆದರಿಸಿದ್ದಾರೆ. ಇನ್ನೊಬ್ಬರು, ಏನೂ ಆಗಲ್ಲ, ನಮ್ಮ ಮಗು ಆಮೆ ಮೇಲೆ ಕೂತೇ ಫೋಟೊ ತೆಗೆಸಿಕೊಂಡಿದೆ ಅಂತಾರೆ. ಅವು ಬೆರಳು ಕಚ್ಚಿ ತುಂಡು ಮಾಡುತ್ತವಾ? ಕಚ್ಚಿದರೆ ರೇಬಿಸ್ ಇಂಜೆಕ್ಷನ್ ಬೇಕಾ? ಮಗ ಮರಿ ಆಮೆ ಎತ್ತಿಕೊಳ್ಳಬೇಕು ಅಂತ ಕುಣೀತಿದ್ದಾನೆ. 190 ವರ್ಷದ ಆಮೆ ಇದೆಯಂತೆ, ನಿಜಾನಾ? ಕೊನೆಗೆ ಇನ್ನೊಂದು. ದಿನಾ ಅಷ್ಟೊಂದು ಜನ ಮುಟ್ಟಿದರೆ ಆ ಪ್ರಾಣಿಗಳಿಗೆ ಹಿಂಸೆ ಅಲ್ವಾ? ನಾವು ಹೋಗುವುದೇ ತಪ್ಪಾ?

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ. ಹೋಗಿ ಬನ್ನಿ. ನಿಮ್ಮ ಮಗ ಮುಟ್ಟಲಿ. ಮಗಳೂ ಅತ್ತೆಯವರೂ ನೋಡಲಿ, ಮುಟ್ಟುವುದು ಬೇಡ. ಆಮೆಯ ಬೆನ್ನ ಮೇಲೆ ಮಾತ್ರ ಯಾರೂ ಕೂರಬೇಡಿ. ಯಾಕೆ ಹೀಗೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ. ಕಾರಣ ಗೊತ್ತಿದ್ದರೆ ದ್ವೀಪದಲ್ಲಿ ನಿಂತಾಗ ನೀವೇ ತೀರ್ಮಾನ ಮಾಡಬಹುದು. ಪ್ರತಿ ಸಣ್ಣ ವಿಷಯಕ್ಕೂ ಗಾಬರಿ ಬೀಳಬೇಕಾಗಿಲ್ಲ.

ನಿಮ್ಮ ಪತ್ರದಲ್ಲಿ ಮೂರು ಭಯ ಇದೆ. ಕಾಯಿಲೆಯ ಭಯ, ಕಚ್ಚುವ ಭಯ, ಪ್ರಾಣಿಗೆ ಹಿಂಸೆಯಾಗುತ್ತದೆ ಅನ್ನುವ ಭಯ. ಜನ ಜಾಸ್ತಿ ಹೆದರುವುದು ಕಚ್ಚುವುದಕ್ಕೆ. ಸರೀಸೃಪಗಳ ವೈದ್ಯನಾಗಿ ನಾನು ಅದಕ್ಕೆ ಕೊನೆಯ ಜಾಗ ಕೊಡುತ್ತೇನೆ. ಆಮೆಯ ಬಾಯಿಗಿಂತ, ಆಮೆ ಮುಟ್ಟಿ ಬಂದ ನಮ್ಮ ಕೈ ಜಾಸ್ತಿ ಅಪಾಯ.

ಟೈಫಾಯಿಡ್ ವಿಷಯ ಮೊದಲು. ನಿಮ್ಮ ಗೆಳತಿ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಆಮೆ, ಹಲ್ಲಿ, ಹಾವು ಇವುಗಳ ಕರುಳಿನಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಸಹಜವಾಗಿ ಇರುತ್ತದೆ. ಟೈಫಾಯಿಡ್ ತರುವುದೂ ಇದೇ ಕುಟುಂಬದ ಬ್ಯಾಕ್ಟೀರಿಯಾ. ಆದರೆ ಆ ತಳಿ ಮನುಷ್ಯರಲ್ಲಿ ಮಾತ್ರ ಬದುಕುತ್ತದೆ, ಒಬ್ಬ ಮನುಷ್ಯನಿಂದ ಹೊರಬಿದ್ದು ನೀರು ಆಹಾರದ ಮೂಲಕ ಇನ್ನೊಬ್ಬನನ್ನು ಸೇರುತ್ತದೆ. ಆಮೆಯಿಂದ ಟೈಫಾಯಿಡ್ ಬರುವುದಿಲ್ಲ. ಆಮೆಯಲ್ಲಿರುವ ತಳಿಗಳಿಂದ ಬರುವುದು ಭೇದಿ, ಜ್ವರ, ಹೊಟ್ಟೆ ನುಲಿತ. ಗಟ್ಟಿಮುಟ್ಟಾಗಿರುವವರಿಗೆ ನಾಲ್ಕರಿಂದ ಏಳು ದಿನ ಕಾಡಿ ತಾನಾಗಿ ಹೋಗುತ್ತದೆ. ಕೆಲವರಲ್ಲಿ ಮಾತ್ರ ಅದು ಕರುಳನ್ನು ದಾಟಿ ರಕ್ತಕ್ಕೆ ಸೇರುತ್ತದೆ. ಆಗ ಆಸ್ಪತ್ರೆಯೇ ಗತಿ.

ಆ ಕೆಲವರು ಯಾರು ಅನ್ನುವುದೇ ಇಲ್ಲಿ ಮುಖ್ಯ. ಐದು ವರ್ಷದೊಳಗಿನ ಮಕ್ಕಳು, 65 ದಾಟಿದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರು ಸರೀಸೃಪಗಳನ್ನು ಮುಟ್ಟದಿರುವುದೇ ಒಳ್ಳೆಯದು ಅಂತ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಹೇಳುತ್ತದೆ. ನಿಮ್ಮ ಮಗಳಿಗೆ ನಾಲ್ಕು, ಅತ್ತೆಯವರಿಗೆ 68. ಇಬ್ಬರೂ ಈ ಪಟ್ಟಿಯಲ್ಲಿದ್ದಾರೆ. ಅತ್ತೆಯವರ ವಿಷಯದಲ್ಲಿ ಇನ್ನೂ ಎರಡು ಅಂಶ ಇದೆ. ಶುಗರ್ ಒಂದು. ಇನ್ನೊಂದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ, ಅದು ಅಸಿಡಿಟಿ ಮಾತ್ರೆ. ನಾವು ನುಂಗಿದ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲನ್ನು ಕೊಲ್ಲುವುದು ಹೊಟ್ಟೆಯ ಆಮ್ಲ. ಮಾತ್ರೆ ಆ ಆಮ್ಲವನ್ನೇ ಇಳಿಸುತ್ತದೆ. ಹಾಗಾಗಿ ಸ್ವಲ್ಪವೇ ಬ್ಯಾಕ್ಟೀರಿಯಾ ಒಳಗೆ ಹೋದರೂ ಅದು ಕರುಳಿನವರೆಗೆ ಉಳಿದುಕೊಳ್ಳುವ ಸಾಧ್ಯತೆ ಜಾಸ್ತಿ. ಹಾಗಂತ ಪ್ರವಾಸಕ್ಕೆ ಅಂತ ಮಾತ್ರೆ ನಿಲ್ಲಿಸಬೇಡಿ. ಅವರು ಮುಟ್ಟದಿದ್ದರೆ ಸಾಕು.

"ಅಲ್ಲಿನ ಆಮೆಗಳು ಆರೋಗ್ಯವಾಗಿವೆ, ಟೆಸ್ಟ್ ಮಾಡಿಸಿದ್ದಾರೆ" ಅಂತ ಯಾರಾದರೂ ಹೇಳಿದರೆ ನಂಬಿಕೊಂಡು ಕೂರಬೇಡಿ. ಸಾಲ್ಮೊನೆಲ್ಲಾ ಇರುವ ಆಮೆಗೆ ಏನೂ ಕಾಯಿಲೆ ಇರುವುದಿಲ್ಲ. ಚೆನ್ನಾಗಿ ತಿನ್ನುತ್ತದೆ, ಓಡಾಡುತ್ತದೆ. ಬ್ಯಾಕ್ಟೀರಿಯಾ ಮಲದಲ್ಲಿ ದಿನಾ ಹೊರಬರುವುದಿಲ್ಲ, ಬಿಟ್ಟು ಬಿಟ್ಟು ಬರುತ್ತದೆ. ಇವತ್ತು ಟೆಸ್ಟಿನಲ್ಲಿ ಸಿಗಲಿಲ್ಲ ಅಂದರೆ ನಾಳೆ ಇರುವುದಿಲ್ಲ ಅಂತಲ್ಲ. ಎಲ್ಲ ಆಮೆಯಲ್ಲೂ ಇದೆ ಅಂತಲೇ ತಿಳಿದು ನಡೆದುಕೊಳ್ಳುವುದು ಸುಲಭ. ನಾವು ಆಸ್ಪತ್ರೆಯಲ್ಲಿ ಮಾಡುವುದೂ ಅಷ್ಟೇ.

ಇನ್ನು ಅದು ಬಾಯಿಗೆ ಹೋಗುವ ದಾರಿ. ಆಮೆ ತನ್ನ ಮಲದ ಮೇಲೇ ನಡೆಯುತ್ತದೆ, ಮಲಗುತ್ತದೆ. ಚಿಪ್ಪಿನ ಅಂಚು, ಕಾಲು, ಹೊಟ್ಟೆಯ ಭಾಗ ಎಲ್ಲದಕ್ಕೂ ಅಂಟಿರುತ್ತದೆ. ಅಲ್ಲಿನ ನೆಲದ ಮಣ್ಣಿನಲ್ಲೂ ಇರುತ್ತದೆ. ಮುಟ್ಟಿದ ಕೂಡಲೇ ಏನೂ ಆಗುವುದಿಲ್ಲ, ಚರ್ಮದ ಮೂಲಕ ಒಳಗೆ ಹೋಗುವುದಿಲ್ಲ. ಆ ಕೈ ಬಾಯಿಗೆ ಹೋಗಬೇಕು. ನಾಲ್ಕು ವರ್ಷದ ಮಗುವಿನ ಕೈ ಎಷ್ಟು ಸಲ ಬಾಯಿಗೆ ಹೋಗುತ್ತದೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ.

ಆದ್ದರಿಂದ ಸೋಪು ಮತ್ತು ನೀರು ನಿಮ್ಮ ಚೀಲದಲ್ಲೇ ಇರಲಿ. ದ್ವೀಪದಲ್ಲಿ ಕೈ ತೊಳೆಯಲು ವ್ಯವಸ್ಥೆ ಇದ್ದರೂ ಸೋಪು ಮುಗಿದಿರಬಹುದು, ಸಾಲು ಇರಬಹುದು. ಎರಡು ಲೀಟರ್ ನೀರನ್ನು ಕೈ ತೊಳೆಯುವುದಕ್ಕೆ ಅಂತಲೇ ಬೇರೆ ಇಟ್ಟುಕೊಳ್ಳಿ. ಪೇಪರ್ ಸೋಪ್ ಹಗುರ, ಚೆಲ್ಲುವುದಿಲ್ಲ. ಇಪ್ಪತ್ತು ಸೆಕೆಂಡ್ ಉಜ್ಜಬೇಕು, ಉಗುರಿನ ಸಂದಿಯೂ ಸೇರಿ. ಸ್ಯಾನಿಟೈಸರ್ ಇದ್ದರೆ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಮಣ್ಣು, ಮಲ ಅಂಟಿದ ಕೈಗೆ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಸೋಪು ಸಿಗದೇ ಹೋದರೆ ಮಾತ್ರ ಅದು. ಸಮುದ್ರದಲ್ಲಿ ಈಜಿದರೆ ಕೈ ತಾನೇ ಶುದ್ಧ ಆಗುತ್ತದೆ ಅನ್ನುವುದೂ ತಪ್ಪು.

ತಿನ್ನುವುದು ಕುಡಿಯುವುದು ಎಲ್ಲ ಆಮೆಗಳ ಆವರಣದಿಂದ ಹೊರಗೆ ಬಂದು, ಕೈ ತೊಳೆದ ಮೇಲೆ. ಮಗಳ ನೀರಿನ ಬಾಟಲಿಯನ್ನು ಒಳಗೆ ನೆಲದ ಮೇಲೆ ಇಡಬೇಡಿ. ಅವಳಿಗೆ ಇಷ್ಟದ ಗೊಂಬೆ ಇದ್ದರೆ ಅದನ್ನು ರೂಮಿನಲ್ಲೇ ಬಿಡಿ. ಮಕ್ಕಳಿಗೆ ಪೂರ್ತಿ ಮುಚ್ಚಿದ ಶೂ ಹಾಕಿ, ಮರಳಿ ಬಂದ ಮೇಲೆ ಅದರ ತಳ ತೊಳೆಯಿರಿ. ಮತ್ತೊಂದು, ಬಹಳ ಜನ ಮರೆಯುವುದು: ಫೋನು. ಒಂದು ಕೈಯಲ್ಲಿ ಆಮೆ ಸವರುತ್ತೇವೆ, ಅದೇ ಕೈಯಲ್ಲಿ ಫೋಟೊ ತೆಗೆಯುತ್ತೇವೆ. ಆಮೇಲೆ ಕೈ ಚೆನ್ನಾಗಿ ತೊಳೆದು, ಮತ್ತೆ ಅದೇ ಫೋನ್ ಹಿಡಿದು ಊಟಕ್ಕೆ ಕೂರುತ್ತೇವೆ. ಇಲ್ಲಾಂದ್ರೆ ಮಗು ಅಳದಿರಲಿ ಅಂತ ಅದನ್ನೇ ಕೈಗೆ ಕೊಡುತ್ತೇವೆ. ಆಮೆ ಮುಟ್ಟುವವರು ಬೇರೆ, ಫೋಟೊ ತೆಗೆಯುವವರು ಬೇರೆ ಅಂತ ಮೊದಲೇ ಮಾತಾಡಿಕೊಳ್ಳಿ. ನಿಮ್ಮ ಯಜಮಾನರು ಮಗನ ಜೊತೆ ಆಮೆ ಹತ್ತಿರ ಇರಲಿ, ಫೋನ್ ನಿಮ್ಮ ಕೈಯಲ್ಲಿರಲಿ. ಆಗ ಮಗಳ ಕೈ ಹಿಡಿದುಕೊಳ್ಳಲೂ ನಿಮ್ಮ ಇನ್ನೊಂದು ಕೈ ಶುದ್ಧವಾಗಿರುತ್ತದೆ.

ಮರಿ ಆಮೆ ಎತ್ತಿಕೊಳ್ಳುವ ವಿಷಯಕ್ಕೆ ನನ್ನ ಉತ್ತರ, ಬೇಡ. ಯಾರಾದರೂ ಕೈಗೆ ಕೊಡಲು ಬಂದರೂ ಬೇಡ ಅನ್ನಿ. ಮರಿ ಸಣ್ಣದು, ಮುದ್ದಾಗಿರುತ್ತದೆ, ಮಕ್ಕಳು ಮುಖದ ಹತ್ತಿರ ತಂದುಕೊಳ್ಳುತ್ತಾರೆ. ಅಮೆರಿಕದಲ್ಲಿ 4 ಇಂಚಿಗಿಂತ ಸಣ್ಣ ಚಿಪ್ಪಿನ ಆಮೆಗಳ ಮಾರಾಟವನ್ನು 1975ರಲ್ಲಿ ನಿಷೇಧಿಸಿದ್ದು ಇದೇ ಕಾರಣಕ್ಕೆ. ಸಣ್ಣ ಆಮೆಯನ್ನು ಮಕ್ಕಳು ಬಾಯಿಗೇ ಇಟ್ಟುಕೊಳ್ಳುತ್ತಿದ್ದರು, ಸಾಲ್ಮೊನೆಲ್ಲಾ ಮನೆಮನೆಗೂ ಹರಡುತ್ತಿತ್ತು. ಮರಿಯ ಕಡೆಯಿಂದ ನೋಡಿದರೂ ಕಷ್ಟವೇ. ಅದರ ಚಿಪ್ಪು ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ನೆಲದಿಂದ ಮೇಲೆತ್ತಿದರೆ, ಹಕ್ಕಿಯೋ ಏಡಿಯೋ ಹಿಡಿಯಿತು ಅಂತಲೇ ಅದಕ್ಕೆ ಅನಿಸುವುದು. ಕೈಕಾಲು ಬಡಿಯುತ್ತದೆ, ಮಗು ಗಾಬರಿಯಾಗಿ ಕೈಬಿಡುತ್ತದೆ. ಬಿದ್ದು ಚಿಪ್ಪು ಒಡೆದ ಸಣ್ಣ ಆಮೆಗಳನ್ನು ನಾನು ಟೇಬಲ್ ಮೇಲೆ ಇಟ್ಟುಕೊಂಡು ನೋಡಿದ್ದೇನೆ. ಒಡೆದ ಚಿಪ್ಪು ಅಂದರೆ ಒಡೆದ ಮೂಳೆ. ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ನಿಮ್ಮ ಮಗನಿಗೆ ಇಷ್ಟು ಹೇಳಿದರೆ ಸಾಕು, ಒಂಬತ್ತು ವರ್ಷದವರು ಅರ್ಥ ಮಾಡಿಕೊಳ್ಳುತ್ತಾರೆ.

ಚಿಪ್ಪು ಅಂದರೆ ಮೂಳೆ ಅಂದೆ. ಬೆನ್ನ ಮೇಲೆ ಕೂರುವ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಚಿಪ್ಪನ್ನು ಆಮೆ ಹೊತ್ತು ತಿರುಗುವ ಮನೆ ಅಂತ ತಿಳಿಯುವುದು ತಪ್ಪು. ಅದರ ಪಕ್ಕೆಲುಬು ಮತ್ತು ಬೆನ್ನುಮೂಳೆಗಳೇ ಅಗಲವಾಗಿ ಒಂದಕ್ಕೊಂದು ಬೆಸೆದು ಚಿಪ್ಪಾಗಿವೆ. ಮೇಲೆ ನಮ್ಮ ಉಗುರಿನಂಥ ಪದರ ಇದೆ. ಅದರ ಕೆಳಗೆ ನರಗಳಿವೆ, ರಕ್ತನಾಳಗಳಿವೆ. ಚಿಪ್ಪಿನ ಮೇಲೆ ಮೆಲ್ಲಗೆ ಕೈಯಾಡಿಸಿದರೂ ಆಮೆಗೆ ಗೊತ್ತಾಗುತ್ತದೆ. ಅದಕ್ಕೆ ಏನೂ ತಿಳಿಯಲ್ಲ ಅಂತ ಕಲ್ಲಿನಲ್ಲೋ ಬೀಗದ ಕೈಯಲ್ಲೋ ತಟ್ಟುವವರನ್ನು ನೋಡಿದಾಗ ನನಗೆ ತುಂಬ ಬೇಸರ ಆಗುತ್ತದೆ.

ದೊಡ್ಡ ಗಂಡಾಮೆ 250 ಕಿಲೋ ತೂಗಬಹುದು. ಮಗುವಿನ ತೂಕಕ್ಕೆ ಅದರ ಚಿಪ್ಪು ಮುರಿಯುವುದಿಲ್ಲ, ನಿಜ. ಮಿಲನದ ಹೊತ್ತಿನಲ್ಲಿ ಹೆಣ್ಣು ಗಂಡಿನ ಭಾರವನ್ನೇ ತಡೆಯುತ್ತದೆ. "ಏನೂ ಆಗಲ್ಲ" ಅನ್ನುವವರು ಹಿಡಿದಿರುವುದು ಇದೇ ವಾದವನ್ನು. ಆದರೆ ತೊಂದರೆ ಇರುವುದು ಬೇರೆ ಕಡೆ. ಆಮೆಯ ಶ್ವಾಸಕೋಶ ಮೇಲುಚಿಪ್ಪಿನ ಕೆಳಗೇ ಇದೆ. ನಮ್ಮ ಹಾಗೆ ಎದೆಗೂಡನ್ನು ಉಬ್ಬಿಸಿ ಉಸಿರಾಡಲು ಅದಕ್ಕೆ ಆಗುವುದಿಲ್ಲ, ಪಕ್ಕೆಲುಬು ಬೆಸೆದುಹೋಗಿದೆಯಲ್ಲ. ಅದು ಕಾಲು, ಭುಜದ ಹತ್ತಿರದ ಮತ್ತು ಹೊಟ್ಟೆಯ ಸ್ನಾಯುಗಳನ್ನು ಆಡಿಸಿ ಗಾಳಿ ಎಳೆದುಕೊಳ್ಳುತ್ತದೆ. ಬೆನ್ನ ಮೇಲೆ ಯಾರಾದರೂ ಕೂತರೆ ಹೆದರಿ ಕಾಲು ತಲೆ ಒಳಗೆಳೆದುಕೊಂಡು ಬಿದ್ದಿರುತ್ತದೆ. ದೂರದಿಂದ ಶಾಂತವಾಗಿ ಕೂತ ಹಾಗೆ ಕಾಣುತ್ತದೆ. ಅದು ಶಾಂತಿಯಲ್ಲ, ತಪ್ಪಿಸಿಕೊಳ್ಳಲು ಬೇರೆ ದಾರಿ ಇಲ್ಲದ್ದು.

ಮಗುವಿಗೂ ಅಪಾಯ ಇದೆ. ಮುಂಗಾಲು ಮತ್ತು ಚಿಪ್ಪಿನ ನಡುವೆ ಒಂದು ಸಂದಿ ಇರುತ್ತದೆ. ಬೆನ್ನ ಮೇಲೆ ಕೂತ ಮಗು ಜಾರದಿರಲಿ ಅಂತ ಚಿಪ್ಪಿನ ಅಂಚು ಹಿಡಿಯುತ್ತದೆ, ಬೆರಳು ಆ ಸಂದಿಗೆ ಹೋಗುತ್ತದೆ. ಅಷ್ಟರಲ್ಲಿ ಆಮೆ ಕಾಲು ಒಳಗೆಳೆದರೆ ಬಾಗಿಲ ಸಂದಿಯಲ್ಲಿ ಬೆರಳು ಸಿಕ್ಕ ಹಾಗೆಯೇ. ಅಷ್ಟು ದೊಡ್ಡ ಪ್ರಾಣಿ ಕಾಲನ್ನು ತಾನಾಗಿ ಹೊರಗೆ ಚಾಚುವವರೆಗೂ ಬಿಡಿಸುವುದು ಕಷ್ಟ.

ಕಚ್ಚುವುದಕ್ಕೆ ಬರೋಣ. ಆಮೆಗೆ ಹಲ್ಲಿಲ್ಲ. ಕೊಂಬಿನಂಥ ಗಟ್ಟಿ ಅಂಚಿನ ಕೊಕ್ಕು ಇದೆ. ಅದು ಎಲೆ ಕಚ್ಚಿದ ಜಾಗ ನೋಡಿದರೆ ಕತ್ತರಿಸಿದಷ್ಟು ನೀಟಾಗಿರುತ್ತದೆ. ದವಡೆಗೆ ಬಲ ಇದೆ, ಬೆರಳು ಸಿಕ್ಕರೆ ಜಜ್ಜಿಹೋಗುತ್ತದೆ. ಆದರೆ ಈ ಆಮೆಗಳು ಮೇಲೆ ಬಿದ್ದು ಕಚ್ಚುವುದಿಲ್ಲ. ಕಚ್ಚಿದ ಘಟನೆಗಳಲ್ಲಿ ಹೆಚ್ಚಿನವು ಸೊಪ್ಪು ತಿನ್ನಿಸುವಾಗ ಆದ ತಪ್ಪು. ಎಲೆ ಎಲ್ಲಿ ಮುಗಿಯಿತು, ಬೆರಳು ಎಲ್ಲಿ ಶುರುವಾಯಿತು ಅಂತ ಅದು ಲೆಕ್ಕ ಹಾಕುವುದಿಲ್ಲ. ಚಾಂಗೂ ದ್ವೀಪದಲ್ಲಿ ನೋಡಿಕೊಳ್ಳುವವರೇ ಸೊಪ್ಪು ಕೊಡುವುದುಂಟು. ಉದ್ದ ದಂಟಿನದು ಆರಿಸಿ, ದಂಟಿನ ತುದಿ ಹಿಡಿಯಲು ಮಗನಿಗೆ ಹೇಳಿ. ಆಮೆ ಬಾಯಿ ಹಾಕಿದ ಕೂಡಲೇ ಬಿಟ್ಟುಬಿಡಲಿ, ಎಳೆದಾಡಬಾರದು. ಸುಮ್ನೆ ನೆಲದ ಮೇಲಿಟ್ಟು ಹಿಂದೆ ಸರಿದರೆ ಇನ್ನೂ ಒಳ್ಳೆಯದು, ತಿನ್ನುವುದು ಆಗ ಚೆನ್ನಾಗಿ ಕಾಣುತ್ತದೆ. ದಪ್ಪ ಗುಲಾಬಿ ನಾಲಗೆ ಹೊರಬಂದು ಎಲೆಯನ್ನು ಒತ್ತಿ ಹಿಡಿಯುತ್ತದೆ, ತಲೆ ಹಿಂದಕ್ಕೆ ಜಗ್ಗಿ ಹರಿಯುತ್ತದೆ, ಮತ್ತೆ ಮುಂದಕ್ಕೆ ಬರುತ್ತದೆ.

ಆಮೆಗಳಿಗೆ ಬಣ್ಣ ಚೆನ್ನಾಗಿ ಕಾಣುತ್ತದೆ. ಕೆಂಪು, ಹಳದಿ ಕಂಡರೆ ಹೂವೋ ಹಣ್ಣೋ ಅಂತ ಬರುತ್ತವೆ. ಕೆಂಪು ಉಗುರುಬಣ್ಣ ಹಚ್ಚಿದ ಕಾಲ್ಬೆರಳು ಚಪ್ಪಲಿಯಿಂದ ಹೊರಗೆ ಕಾಣುತ್ತಿದ್ದರೆ ಅದಕ್ಕೂ ಬಾಯಿ ಹಾಕಬಹುದು. ಮುಚ್ಚಿದ ಶೂ ಹಾಕಿ ಅನ್ನುವುದಕ್ಕೆ ಇದು ಇನ್ನೊಂದು ಕಾರಣ.

ನಿಮ್ಮ ಚೀಲದ ಬಾಳೆಹಣ್ಣು, ಬಿಸ್ಕೆಟ್, ಬ್ರೆಡ್ ಕೊಡಬೇಡಿ. ಇವು ಹುಲ್ಲು ಸೊಪ್ಪನ್ನು ಕರುಳಿನಲ್ಲಿ ನಿಧಾನವಾಗಿ ಹುಳಿಯಿಸಿ ಜೀರ್ಣ ಮಾಡಿಕೊಳ್ಳುವ ಪ್ರಾಣಿಗಳು. ಸಕ್ಕರೆ ಜಾಸ್ತಿಯಾದರೆ ಆ ವ್ಯವಸ್ಥೆ ಕೆಡುತ್ತದೆ. ಸೊಳ್ಳೆ ಕ್ರೀಮು, ಸನ್‌ಸ್ಕ್ರೀನ್ ಹಚ್ಚಿದ ಕೈಯಲ್ಲಿ ಸೊಪ್ಪು ಹಿಡಿಯಬೇಡಿ, ಅದೂ ಹೊಟ್ಟೆಗೆ ಹೋಗುತ್ತದೆ. ಪ್ಲಾಸ್ಟಿಕ್ ಕವರ್ ಕೆಳಗೆ ಬೀಳದ ಹಾಗೆ ನೋಡಿಕೊಳ್ಳಿ. ಸಿಕ್ಕರೆ ಆಮೆ ಅದನ್ನೂ ತಿನ್ನುತ್ತದೆ.

ರೇಬಿಸ್ ಬಗ್ಗೆ ನೆಮ್ಮದಿಯಾಗಿರಿ. ಅದು ಸಸ್ತನಿಗಳ ಕಾಯಿಲೆ. ಆಮೆ ಕಚ್ಚಿದರೆ ರೇಬಿಸ್ ಇಂಜೆಕ್ಷನ್ ಬೇಕಾಗಿಲ್ಲ, ವಿಷವೂ ಇಲ್ಲ. ಗಾಯವಾದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಐದು ನಿಮಿಷವಾದರೂ ತೊಳೆಯಿರಿ. ಟೆಟನಸ್ ಇಂಜೆಕ್ಷನ್ ಯಾವಾಗ ಆಗಿತ್ತು ಅಂತ ನೋಡಿ, ಸ್ಟೋನ್ ಟೌನ್‌ಗೆ ಮರಳಿ ಡಾಕ್ಟರಿಗೆ ತೋರಿಸಿ. ಬೆರಳು ಊದಿಕೊಂಡು ಮಡಚಲು ಆಗದಿದ್ದರೆ ಎಕ್ಸ್‌ರೇ ಬೇಕು.

ಹತ್ತಿರ ಹೋದಾಗ ಆಮೆ ಬುಸ್ ಅನ್ನುತ್ತದೆ. ಮಕ್ಕಳು ಹಾವು ನೆನಪಾಗಿ ಕಿರುಚುತ್ತಾರೆ. ಅದು ಸಿಟ್ಟಲ್ಲ. ತಲೆ ಕಾಲು ಒಳಗೆಳೆದುಕೊಳ್ಳುವಾಗ ಒಳಗೆ ಜಾಗ ಬೇಕು, ಶ್ವಾಸಕೋಶದ ಗಾಳಿ ಒಮ್ಮೆಲೇ ಹೊರಬರುತ್ತದೆ, ಅದರ ಸದ್ದು. ಆದರೆ ಆ ಸದ್ದು ಬಂತು ಅಂದರೆ ನೀವು ಬೇಗ ಹತ್ತಿರ ಬಂದಿರಿ, ಅದು ಹೆದರಿತು ಅಂತ. ಎರಡು ಹೆಜ್ಜೆ ಹಿಂದೆ ಹೋಗಿ ಕೂತುಬಿಡಿ.

ಇಲ್ಲಿಗೆ ನಿಮ್ಮ ಕೊನೆಯ ಪ್ರಶ್ನೆ ಬರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದೇ. ಹಿಂಸೆ ಆಗುತ್ತದಾ?

ಚಾಂಗೂ ಆಮೆಗಳು ಹುಟ್ಟಾ ಜಾಂಜಿಬಾರಿನವಲ್ಲ. ಇವು ಸೀಶೆಲ್ಸ್ ದೇಶದ ಅಲ್ಡಾಬ್ರಾ ಹವಳದ್ವೀಪದ ಜಾತಿ. ಒಂದು ಕಾಲದಲ್ಲಿ ಹಿಂದೂ ಮಹಾಸಾಗರದ ಮಾರಿಷಸ್, ರೊಡ್ರಿಗಸ್, ರಿಯೂನಿಯನ್ ದ್ವೀಪಗಳಲ್ಲೆಲ್ಲ ದೈತ್ಯ ಆಮೆಗಳಿದ್ದವು. ನೀರು ಆಹಾರ ಇಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ ಅಂತ ನಾವಿಕರು ಅವನ್ನು ಜೀವಂತವಾಗಿ ಹಡಗಿಗೆ ತುಂಬಿಕೊಂಡು ಹೋಗಿ ತಿಂದರು. ಆ ದ್ವೀಪಗಳ ಜಾತಿಗಳು ನಿರ್ನಾಮವಾದವು. ಅಲ್ಡಾಬ್ರಾ ದೂರದಲ್ಲಿತ್ತು, ಜನ ನೆಲೆಸಲು ಕಷ್ಟದ ಜಾಗ, ಹಾಗಾಗಿ ಅಲ್ಲಿನವು ಉಳಿದುಕೊಂಡವು. ಅವನ್ನೂ ಕಳೆದುಕೊಳ್ಳಬೇಡಿ ಅಂತ 1874ರಲ್ಲಿ ಚಾರ್ಲ್ಸ್ ಡಾರ್ವಿನ್ ಸೇರಿದಂತೆ ಹಲವು ವಿಜ್ಞಾನಿಗಳು ಮಾರಿಷಸ್‌ನ ಗವರ್ನರ್‌ಗೆ ಪತ್ರ ಬರೆದರು. ಇವತ್ತು ಅಲ್ಡಾಬ್ರಾದಲ್ಲಿ ಸುಮಾರು ಒಂದು ಲಕ್ಷ ಆಮೆಗಳಿವೆ.

1919ರಲ್ಲಿ ಸೀಶೆಲ್ಸ್‌ನ ಬ್ರಿಟಿಷ್ ಗವರ್ನರ್ 4 ಆಮೆಗಳನ್ನು ಜಾಂಜಿಬಾರ್‌ಗೆ ಉಡುಗೊರೆಯಾಗಿ ಕಳಿಸಿದರು. ಅವು ಚಾಂಗೂ ದ್ವೀಪದಲ್ಲಿ ಚೆನ್ನಾಗಿ ಹೊಂದಿಕೊಂಡವು. 1955ರ ಹೊತ್ತಿಗೆ ಸುಮಾರು 200 ಆಗಿದ್ದವು. ಆಮೇಲೆ ಕಳ್ಳತನ ಶುರುವಾಯಿತು. ಸಾಕಲು ಅಂತ ವಿದೇಶಕ್ಕೆ, ತಿನ್ನಲು ಅಂತ ಇನ್ನೆಲ್ಲಿಗೋ. 1988ರಲ್ಲಿ 100 ಉಳಿದಿದ್ದವು, 1996ಕ್ಕೆ ಬರೀ 7. ಆ ವರ್ಷ ಕಾಪಾಡಲು ಅಂತ ಬೇರೆ ಇಟ್ಟ 80 ಮರಿಗಳಲ್ಲೂ 40 ಕಾಣೆಯಾದವು. ನಂತರ ಜಾಂಜಿಬಾರ್ ಸರ್ಕಾರ ಒಂದು ಅಂತರರಾಷ್ಟ್ರೀಯ ಪ್ರಾಣಿದಯಾ ಸಂಸ್ಥೆಯ ನೆರವು ಪಡೆದು ದೊಡ್ಡ ಆವರಣ ಕಟ್ಟಿತು. ನೀವು ನೋಡಲಿರುವುದು ಅದನ್ನೇ. ಬೇಲಿ ನೋಡಿ ಮಕ್ಕಳು "ಪಾಪ, ಯಾಕೆ ಕೂಡಿಹಾಕಿದ್ದಾರೆ" ಅಂತ ಕೇಳುತ್ತಾರೆ. ಆ ಬೇಲಿ ಇಲ್ಲದಿದ್ದರೆ ಅವು ಉಳಿಯುತ್ತಲೇ ಇರಲಿಲ್ಲ ಅಂತ ಹೇಳಿ. ಇನ್ನೊಂದು ಸಂಗತಿಯನ್ನೂ ಅವರಿಗೆ ಹೇಳಬಹುದು. ಅಲ್ಲಿರುವ ಜೈಲಿನ ಕಟ್ಟಡದಲ್ಲಿ ಕೈದಿಗಳನ್ನು ಇಡಲೇ ಇಲ್ಲ. 1890ರ ದಶಕದಲ್ಲಿ ಕಟ್ಟಿದ ಮೇಲೆ ಅದನ್ನು ಸಾಂಕ್ರಾಮಿಕ ರೋಗ ತಡೆಯಲು ಹಡಗಿನ ಪ್ರಯಾಣಿಕರನ್ನು ಬೇರೆ ಇಡುವ ಕೇಂದ್ರವಾಗಿ ಬಳಸಿದರು. ಅದಕ್ಕೂ ಮುಂಚೆ ಅದೇ ದ್ವೀಪದಲ್ಲಿ ಗುಲಾಮರನ್ನು ಕೂಡಿಹಾಕುತ್ತಿದ್ದರು.

ಹಾಗಾಗಿ ನೀವು ಹೋಗುವುದು ತಪ್ಪಲ್ಲ. ಬರುವವರು ಕೊಡುವ ಪ್ರವೇಶ ಶುಲ್ಕ ಇದ್ದರೇನೇ ಕಾವಲು, ಮೇವು ಎಲ್ಲ ನಡೆಯುವುದು. ಹಿಂಸೆ ಆಗುತ್ತದಾ ಇಲ್ಲವಾ ಅನ್ನುವುದು ನಾವು ಹೇಗೆ ಮುಟ್ಟುತ್ತೇವೆ, ಯಾವಾಗ ಹೋಗುತ್ತೇವೆ ಅನ್ನುವುದರ ಮೇಲಿದೆ. ಮುಟ್ಟುವುದು ಈ ಆಮೆಗಳಿಗೆ ಇಷ್ಟವಾಗುವ ಸಂದರ್ಭವೂ ಇದೆ. ದೈತ್ಯ ಆಮೆಗಳ ಚರ್ಮದ ಮಡಿಕೆಗಳಿಂದ ಸಣ್ಣ ಹಕ್ಕಿಗಳು ಉಣ್ಣಿ ಹುಳ ಹೆಕ್ಕುವುದುಂಟು. ಹಕ್ಕಿ ಹತ್ತಿರ ಬಂದರೆ ಆಮೆ ನಾಲ್ಕೂ ಕಾಲನ್ನು ನೆಟ್ಟಗೆ ಮಾಡಿ ಎದ್ದು ನಿಂತು, ಕತ್ತನ್ನು ಉದ್ದಕ್ಕೆ ಚಾಚಿ ಅಲ್ಲಾಡದೆ ಇರುತ್ತದೆ. ಕತ್ತಿನ ಕೆಳಗೆ ನಾವು ಮೆಲ್ಲಗೆ ಕೆರೆದರೂ ಹಾಗೇ ಮಾಡುತ್ತದೆ.

ನಿಮ್ಮ ಮಗನಿಗೆ ಹೀಗೆ ಹೇಳಿಕೊಡಿ. ನೋಡಿಕೊಳ್ಳುವವರನ್ನು ಕೇಳಿ, ಎಚ್ಚರವಾಗಿರುವ ಒಂದು ಆಮೆಯನ್ನು ಆರಿಸಿಕೊಳ್ಳಲಿ. ಹಿಂದಿನಿಂದ ಬೇಡ, ಬಾಯಿಗೆ ನೇರವಾಗಿಯೂ ಬೇಡ. ಕಣ್ಣಿಗೆ ಕಾಣುವ ಹಾಗೆ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಸ್ವಲ್ಪ ಹೊತ್ತು ಸುಮ್ಮನಿರಲಿ. ತಲೆ ಒಳಗೆ ಹೋಗದಿದ್ದರೆ ಕೈ ಚಾಚಿ ಕತ್ತಿನ ಬುಡದಲ್ಲಿ ಬೆರಳಾಡಿಸಲಿ. ಚರ್ಮ ಒಣಗಿ ಸಡಿಲವಾಗಿರುತ್ತದೆ, ಬೆಳಗಿನ ಹೊತ್ತಾದರೆ ತಣ್ಣಗಿರುತ್ತದೆ. ಆಮೆ ಮೆಲ್ಲಗೆ ಏಳುತ್ತದೆ. ಚಿಪ್ಪು ನೆಲ ಬಿಡುತ್ತದೆ, ಕತ್ತು ಉದ್ದವಾಗುತ್ತಾ ಹೋಗುತ್ತದೆ, ಕಣ್ಣು ಅರ್ಧ ಮುಚ್ಚುತ್ತದೆ. ಅದು ಕಂಡರೆ ನಿಮ್ಮ ಮಗ ಮರಿ ಆಮೆಯನ್ನು ಮರೆಯುತ್ತಾನೆ. ತಲೆ ಒಳಗೆ ಹೋಯಿತೋ, ಎದ್ದು ನಡೆಯಿತೋ, ಅಲ್ಲಿಗೆ ಮುಗಿಯಿತು. ಹಿಂದೆ ಹೋಗಬಾರದು. ಮಗಳು ಇದನ್ನೆಲ್ಲ ಎರಡು ಮೂರು ಹೆಜ್ಜೆ ದೂರದಿಂದ ನಿಮ್ಮ ಜೊತೆ ನಿಂತು ನೋಡಲಿ. ಅವಳಿಗೂ ಒಂದು ಕೆಲಸ ಕೊಡಿ, ಆಮೆ ಯಾವಾಗ ಕಣ್ಣು ಮುಚ್ಚುತ್ತದೆ ಅಂತ ಹೇಳುವುದು ಅವಳದು. ಸುಮ್ನೆ "ಮುಟ್ಟಬೇಡ" ಅಂದರೆ ನಾಲ್ಕು ವರ್ಷದವರು ಕೇಳುವುದಿಲ್ಲ.

ಆಮೆ ಅಳ್ತಿದೆ ಅಂತ ಅವಳು ಹೇಳಬಹುದು. ಕಣ್ಣಂಚಿನಲ್ಲಿ ನೀರು ಇರುತ್ತದೆ, ನಿಜ. ನಮ್ಮ ಕಣ್ಣಿನ ನೀರು ಮೂಗಿಗೆ ಇಳಿದುಹೋಗಲು ಒಂದು ನಾಳ ಇದೆ. ಆಮೆಗೆ ಅದಿಲ್ಲ, ಹಾಗಾಗಿ ಹೊರಗೆ ಹರಿಯುತ್ತದೆ. ಕಾಲು ಕತ್ತು ಎಲ್ಲ ಚಾಚಿ ಸತ್ತ ಹಾಗೆ ಬಿದ್ದಿರುವುದೂ ಕಾಣಬಹುದು, ಅದು ನಿದ್ದೆ. ಗಂಡಾಮೆ ಮಿಲನದ ಹೊತ್ತಿನಲ್ಲಿ ದೊಡ್ಡದಾಗಿ ನರಳುವ ಸದ್ದು ಮಾಡುತ್ತದೆ. ಮಗ ಕೇಳಿದರೆ ಇದ್ದದ್ದನ್ನೇ ಸರಳವಾಗಿ ಹೇಳಿ.

190 ವರ್ಷದ ಮಾತಿಗೆ ಬಂದರೆ, ಚಿಪ್ಪಿನ ಮೇಲೆ ಬಣ್ಣದಲ್ಲಿ ಬರೆದ ವಯಸ್ಸು ನೀವು ನೋಡುತ್ತೀರಿ. ಅದನ್ನು ಅಂದಾಜು ಅಂತ ತಿಳಿಯಿರಿ. ಚಿಪ್ಪಿನ ಗೆರೆ ಎಣಿಸಿ ವಯಸ್ಸು ಹೇಳಬಹುದು ಅನ್ನುವುದು ನಿಜವಲ್ಲ. ಗೆರೆ ವರ್ಷಕ್ಕೊಂದರಂತೆ ಮೂಡುವುದಿಲ್ಲ, ವಯಸ್ಸಾದ ಮೇಲೆ ಸವೆದು ನುಣ್ಣಗಾಗುತ್ತದೆ. 1919ರಲ್ಲಿ ಬಂದ ನಾಲ್ಕರಲ್ಲಿ ಯಾವುದಾದರೂ ಉಳಿದಿದ್ದರೆ ಅದಕ್ಕೆ ನೂರು ದಾಟಿದೆ ಅನ್ನುವುದು ಖಂಡಿತ. ಅದಕ್ಕಿಂತ ಎಷ್ಟು ಜಾಸ್ತಿ ಅಂತ ಹೇಳಲು ಹುಟ್ಟಿದ ದಾಖಲೆ ಬೇಕು. ಸೇಂಟ್ ಹೆಲೆನಾ ದ್ವೀಪದ ಜೊನಾಥನ್ ಎಂಬ ಆಮೆಗೆ 1832ರ ಸುಮಾರಿನ ಹುಟ್ಟು ಅಂತ ಹೇಳುವುದು ಕೂಡ ಹೀಗೇ. 1882ರಲ್ಲಿ ಅದು ದ್ವೀಪಕ್ಕೆ ಬಂದಾಗ ಪೂರ್ತಿ ಬೆಳೆದಿತ್ತು, ಅಂದರೆ ಕನಿಷ್ಠ 50 ವರ್ಷ ಆಗಿರಬೇಕು ಅನ್ನುವ ಲೆಕ್ಕ. ಈ ಆಮೆಗಳು ನೂರೈವತ್ತು ದಾಟಿ ಬದುಕುವುದು ಸಾಧ್ಯ ಅನ್ನುವುದರಲ್ಲಿ ಅನುಮಾನ ಇಲ್ಲ.

ಯಾವಾಗ ಹೋಗಬೇಕು? ಬೆಳಿಗ್ಗೆ ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ. ಆಮೆಗೆ ಮೈಯ ಬಿಸಿಯನ್ನು ಒಳಗಿನಿಂದ ಹಿಡಿತದಲ್ಲಿಡಲು ಆಗುವುದಿಲ್ಲ. ಬೆಳಿಗ್ಗೆ ಬಿಸಿಲು ಕಾಯಿಸಿಕೊಂಡು ಮೇಯುತ್ತದೆ, ಬಿಸಿಲೇರಿದ ಮೇಲೆ ನೆರಳಿಗೆ ಹೋಗಿ ಬಿದ್ದಿರುತ್ತದೆ. ಅಲ್ಡಾಬ್ರಾದಲ್ಲಿ ಹೊತ್ತಿಗೆ ಸರಿಯಾಗಿ ನೆರಳು ಸೇರಲಾಗದ ಆಮೆಗಳು ಬಿಸಿಲಿಗೆ ಸತ್ತೇ ಹೋಗುತ್ತವೆ. ಮಧ್ಯಾಹ್ನ ಹೋದವರಿಗೆ ಮಲಗಿದ ಆಮೆಗಳು ಮತ್ತು ಜನಜಂಗುಳಿ ಸಿಗುತ್ತವೆ. ಆ ಹೊತ್ತಿನಲ್ಲಿ ನೆರಳಿನಲ್ಲಿರುವುದನ್ನು ಎಬ್ಬಿಸುವುದು ನಿಜವಾದ ಹಿಂಸೆ.

ದ್ವೀಪ ಸ್ಟೋನ್ ಟೌನ್‌ನಿಂದ ಐದಾರು ಕಿಲೋಮೀಟರ್, ಮರದ ದೋಣಿಯಲ್ಲಿ ಅರ್ಧ ಗಂಟೆಯ ದಾರಿ. ದುಡ್ಡು ಮಾತಾಡುವ ಮೊದಲೇ ಮಗಳ ಅಳತೆಯ ಲೈಫ್ ಜಾಕೆಟ್ ಇದೆಯಾ ಅಂತ ಕಣ್ಣಾರೆ ನೋಡಿ. ಇಲ್ಲದಿದ್ದರೆ ಬೇರೆ ದೋಣಿ. ಇಳಿಯುವಾಗ ಮೊಣಕಾಲುದ್ದದ ನೀರಿಗೆ ಕಾಲಿಡಬೇಕಾಗಬಹುದು, ಅತ್ತೆಯವರ ಮೊಣಕಾಲು ಅದಕ್ಕೆ ತಡೆಯುತ್ತದಾ ಅಂತ ಯೋಚಿಸಿ. ಶುಗರ್ ಇರುವವರು ಬರಿಗಾಲಿನಲ್ಲಿ ಇಳಿಯಲೇಬಾರದು. ಆ ನೀರಿನ ತಳದಲ್ಲಿ ಸೀ ಅರ್ಚಿನ್ ಎಂಬ ಮುಳ್ಳುಜೀವಿಗಳಿವೆ, ಚುಚ್ಚಿದರೆ ಗಾಯ ಬೇಗ ಮಾಯುವುದಿಲ್ಲ. ನೀರಿಗೆ ಹಾಕುವ ರಬ್ಬರ್ ಶೂ ತಗೊಳ್ಳಿ. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ದೊಡ್ಡ ಮಳೆಗಾಲ, ಆಗ ದೋಣಿಯವರು ಬೇಡ ಅಂದ ದಿನ ಒತ್ತಾಯ ಮಾಡಬೇಡಿ. ಹಲವರು ಇದೇ ಪ್ರವಾಸಕ್ಕೆ ನಕುಪೆಂಡಾ ಮರಳುದಿಬ್ಬವನ್ನೂ ಸೇರಿಸುತ್ತಾರೆ. ಅಲ್ಲಿ ಮರದ ನೆರಳಿಲ್ಲ. ನಿಮ್ಮ ಜೊತೆ ಚಿಕ್ಕ ಮಗುವೂ ವಯಸ್ಸಾದವರೂ ಇರುವುದರಿಂದ ನಾನಾದರೆ ಸೇರಿಸುವುದಿಲ್ಲ.

ಅತ್ತೆಯವರಿಗೆ ದೋಣಿ ಕಷ್ಟ ಅನಿಸಿದರೆ ನೀವು ಮತ್ತು ಮಗಳು ಅವರ ಜೊತೆ ಸ್ಟೋನ್ ಟೌನ್‌ನಲ್ಲೇ ಉಳಿದು, ತಂದೆ ಮಗ ಹೋಗಿಬರಬಹುದು. ಕಾಯಿಲೆಯ ಲೆಕ್ಕದಲ್ಲಿ ಇದೇ ಎಲ್ಲಕ್ಕಿಂತ ಸುರಕ್ಷಿತ. ಆದರೆ ಆ ಆಮೆಗಳನ್ನು ನೋಡುವ ಸಂತೋಷ ಮೂವರಿಗೆ ತಪ್ಪುತ್ತದೆ, ಅಷ್ಟು ಅಗತ್ಯ ನನಗೆ ಕಾಣುವುದಿಲ್ಲ. ಬೇಲಿ ಇಲ್ಲದೆ ಓಡಾಡುವ ಆಮೆಗಳೇ ಬೇಕು ಅಂದರೆ ಸೀಶೆಲ್ಸ್‌ಗೆ ಹೋಗಬೇಕು. ಪ್ರಾಸ್ಲಿನ್ ದ್ವೀಪದ ಪಕ್ಕದ ಕ್ಯೂರಿಯೂಸ್ ದ್ವೀಪದಲ್ಲಿ 1970ರ ದಶಕದ ಕೊನೆಯಿಂದ ಅಲ್ಡಾಬ್ರಾ ಆಮೆಗಳನ್ನು ತಂದು ಬಿಟ್ಟಿದ್ದಾರೆ. ಅಲ್ಲಿಗೂ ದೋಣಿಯಲ್ಲಿ ಒಂದು ದಿನದ ಪ್ರವಾಸ ಇದೆ. ಆದರೆ ಅದು ಬೇರೆ ದೇಶ, ಖರ್ಚು ಜಾಸ್ತಿ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಮೂಲಕ ಬಿಸಿಲಿನಲ್ಲಿ ನಡೆಯುವುದೂ ಇದೆ. ಕೈ ತೊಳೆಯುವ ನಿಯಮ ಅಲ್ಲೂ ಇದೇ. ಅಲ್ಡಾಬ್ರಾ ಅಂತೂ ಸೀಶೆಲ್ಸ್‌ನ ಮುಖ್ಯ ದ್ವೀಪ ಮಾಹೆಯಿಂದ ಸಾವಿರ ಕಿಲೋಮೀಟರಿಗಿಂತ ದೂರ, ಒಂದು ದಿನದಲ್ಲಿ ಹೋಗಿಬರುವ ಜಾಗ ಅಲ್ಲ.

ಮರಳಿ ಬಂದ ಮೇಲೆ ಒಂದು ವಾರ ಎಲ್ಲರ ಹೊಟ್ಟೆಯ ಮೇಲೆ ಗಮನ ಇರಲಿ. ಸಾಲ್ಮೊನೆಲ್ಲಾ ಒಳಹೋಗಿದ್ದರೆ ಆರು ಗಂಟೆಯಿಂದ ಆರು ದಿನದೊಳಗೆ ಗೊತ್ತಾಗುತ್ತದೆ. ಒಂದೆರಡು ಸಲ ಭೇದಿಯಾದರೆ ಓಆರ್‌ಎಸ್ ಕುಡಿಸಿ. ಮಗಳಿಗೋ ಅತ್ತೆಯವರಿಗೋ ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ಮೂತ್ರ ಕಡಿಮೆಯಾದರೆ, ಕುಡಿದದ್ದೆಲ್ಲ ವಾಂತಿಯಾದರೆ ಕಾಯಬೇಡಿ. ಮನೆಯಲ್ಲಿರುವ ಆಂಟಿಬಯೋಟಿಕ್ ಅಥವಾ ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿ ಕೊಡಬೇಡಿ. ಡಾಕ್ಟರ ಹತ್ತಿರ ಹೋದಾಗ ಇಂಥ ದಿನ ಆಮೆಗಳ ಹತ್ತಿರ ಹೋಗಿದ್ದೆವು ಅಂತ ನೀವೇ ಬಾಯಿಬಿಟ್ಟು ಹೇಳಿ. ಭೇದಿ ಅಂತ ಬಂದವರನ್ನು "ಆಮೆ ಮುಟ್ಟಿದ್ರಾ" ಅಂತ ಯಾವ ಡಾಕ್ಟರೂ ತಾವಾಗಿ ಕೇಳುವುದಿಲ್ಲ.